ಅಟ್ಟದ ಮೇಲಿನ ಫ್ಲಾಪಿಗಳನ್ನು ಇಂದಿನ ಕಂಪ್ಯೂಟರಿನಲ್ಲಿ ಓದುವ ಬಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಮನೆಗಳಲ್ಲಿ ಹಳೆಯ ಫ್ಲಾಪಿಗಳು ಸಿಗುವ ಜಾಗ ಹೆಚ್ಚುಕಡಿಮೆ ಒಂದೇ. ಅಟ್ಟದ ಮೇಲೊಂದು ಬಿಸ್ಕತ್ತಿನ ಡಬ್ಬಿ, ಅದರೊಳಗೆ ರಬ್ಬರ್ ಬ್ಯಾಂಡ್ ಕರಗಿ ಅಂಟಿಕೊಂಡ ಹತ್ತು ಹದಿನೈದು ಚೌಕಗಳು. ಕಾರವಾರ, ಅಂಕೋಲಾ, ಕುಮಟಾದ ಕಡೆ ಅವು ಕಬ್ಬಿಣದ ಕಪಾಟಿನ ಕೆಳಗಿನ ಖಾನೆಯಲ್ಲಿ, ಹಳೆಯ ಪಾಸ್‌ಬುಕ್ಕುಗಳ ಜೊತೆ ಇರುತ್ತವೆ. ಒಳಗಿರುವುದು ಅಡಿಕೆ ವ್ಯಾಪಾರದ ಲೆಕ್ಕ, ಯಾರದೋ ಮದುವೆಯ ಆಮಂತ್ರಣ, ಡಿಟಿಪಿ ಮಾಡಿಸಿದ ಸ್ಮರಣ ಸಂಚಿಕೆ, ಎಂ.ಎ. ಪ್ರಬಂಧ, ಅಜ್ಜ ಹೇಳಿ ಬರೆಸಿದ ಯಕ್ಷಗಾನ ಪ್ರಸಂಗದ ಪ್ರತಿ ಹೀಗೆ ಏನಾದರೂ ಆಗಿರಬಹುದು. ಅದರ ಕಾಗದದ ಪ್ರತಿ ಮನೆಯಲ್ಲಿ ಉಳಿದಿಲ್ಲವಾದರೆ ಆ ಫ್ಲಾಪಿಯೇ ಏಕೈಕ ಮೂಲ.

ಇಂಥ ಫ್ಲಾಪಿಯನ್ನು ಓದುವುದು ಕಷ್ಟದ ಕೆಲಸವಲ್ಲ, ಆದರೆ ಅವಸರ ಸಲ್ಲದ ಕೆಲಸ. ಇಪ್ಪತ್ತೈದು ಮೂವತ್ತು ವರ್ಷ ಹಳೆಯದಾದ ಕಾಂತೀಯ ಲೇಪನವು ಡ್ರೈವಿನೊಳಗೆ ಎಷ್ಟು ಸಲ ಸುತ್ತಲು ತಡೆದುಕೊಳ್ಳುತ್ತದೆ ಎಂದು ಮೊದಲೇ ತಿಳಿಯುವಂತಿಲ್ಲ. ಕೆಲವು ಫ್ಲಾಪಿಗಳು ಮೊದಲ ಸಲ ಪೂರ್ತಿ ಓದಿಸಿಕೊಂಡು ಎರಡನೆಯ ಸಲ ಕೈಕೊಡುತ್ತವೆ. ಆದ್ದರಿಂದ ಸಿದ್ಧತೆಯೆಲ್ಲ ಫ್ಲಾಪಿಯನ್ನು ಡ್ರೈವಿಗೆ ಹಾಕುವ ಮೊದಲೇ ಮುಗಿದಿರಬೇಕು. ಹಾಕಿದ ಮೊದಲ ಸಲವೇ ಇಡೀ ಫ್ಲಾಪಿಯ ಪಡಿಯಚ್ಚನ್ನು, ಅಂದರೆ ಇಮೇಜ್ ಕಡತವನ್ನು, ತೆಗೆದುಕೊಳ್ಳಬೇಕು. ಆ ಮೇಲಿನ ಹುಡುಕಾಟ, ದುರಸ್ತಿ, ಪರಿವರ್ತನೆಗಳೆಲ್ಲ ಇಮೇಜಿನ ಮೇಲೆಯೇ ನಡೆಯಬೇಕು, ಫ್ಲಾಪಿ ಡಬ್ಬಿಗೆ ಹಿಂದಿರುಗಬೇಕು. ಈ ಲೇಖನದಲ್ಲಿ ಹೇಳುವ ಹೆಜ್ಜೆಗಳೆಲ್ಲ ಈ ಒಂದು ನಿಯಮದಿಂದ ಹೊರಡುತ್ತವೆ.

ಕೈಯಲ್ಲಿರುವುದು ಯಾವ ಬಗೆಯದು

ಮೊದಲು ಅಳತೆಯನ್ನು ನೋಡಿರಿ. ಬಳುಕುವ ಕಪ್ಪು ಹೊದಿಕೆಯುಳ್ಳ, ಕೈಗೆ ಹಗುರಾದ ಐದೂಕಾಲು ಇಂಚಿನ ಫ್ಲಾಪಿ 1976ರಲ್ಲಿ ಬಂದದ್ದು. ಪಿಸಿಗಳಲ್ಲಿ ಅದು ಸಾಮಾನ್ಯವಾಗಿ 360 ಕಿಲೋಬೈಟ್ ಇಲ್ಲವೆ 1.2 ಮೆಗಾಬೈಟ್ ಹಿಡಿಯುತ್ತದೆ. ಗಟ್ಟಿ ಪ್ಲಾಸ್ಟಿಕ್ ಕವಚ ಮತ್ತು ಜಾರುವ ಲೋಹದ ಬಾಗಿಲು ಇರುವ ಮೂರೂವರೆ ಇಂಚಿನದು 720 ಕಿಲೋಬೈಟ್ ಅಥವಾ 1.44 ಮೆಗಾಬೈಟ್ ಹಿಡಿಯುತ್ತದೆ. ನಮ್ಮ ಜಿಲ್ಲೆಯ ಮನೆಗಳಲ್ಲಿ ಸಿಗುವುದು ಬಹುಮಟ್ಟಿಗೆ ಈ 1.44ರ ಫ್ಲಾಪಿಯೇ. ಐದೂಕಾಲು ಇಂಚಿನವು ಹಳೆಯ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಕಾಲೇಜಿನ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿದವರ ಮನೆಯಿಂದ ಬರುತ್ತವೆ.

ಮೂರೂವರೆ ಇಂಚಿನ ಫ್ಲಾಪಿಯ ಎರಡು ಮೂಲೆಗಳಲ್ಲಿ ಎರಡು ಚೌಕ ಕಿಂಡಿಗಳಿದ್ದರೆ ಅದು 1.44ರದು, ಒಂದೇ ಇದ್ದರೆ 720ರದು. ಜಾರುವ ಗುಂಡಿಯಿರುವ ಕಿಂಡಿಯೇ ಬರಹ ತಡೆಯುವ ಕಿಂಡಿ. ಗುಂಡಿಯನ್ನು ಸರಿಸಿ ಕಿಂಡಿಯಲ್ಲಿ ಆಚೆಯ ಬೆಳಕು ಕಾಣುವಂತೆ ಮಾಡಿದರೆ ಯಾವ ಕಂಪ್ಯೂಟರೂ ಅದರ ಮೇಲೆ ಏನನ್ನೂ ಬರೆಯಲಾರದು. ಐದೂಕಾಲು ಇಂಚಿನದರಲ್ಲಿ ಈ ಲೆಕ್ಕ ತಿರುಗುಮುರುಗು: ಅಂಚಿನ ಕಚ್ಚನ್ನು ಕಾಗದದ ಪಟ್ಟಿಯಿಂದ ಮುಚ್ಚಿದರೆ ಬರಹಕ್ಕೆ ತಡೆ, ತೆರೆದಿದ್ದರೆ ಅವಕಾಶ. ಮುಂದಿನ ಯಾವ ಹೆಜ್ಜೆಯನ್ನು ಮರೆತರೂ ಇದನ್ನು ಮರೆಯಬಾರದು. ಏಕೆಂದರೆ ವಿಂಡೋಸ್ ತನಗೆ ಅರ್ಥವಾಗದ ಫ್ಲಾಪಿಯನ್ನು ಕಂಡಾಗ ಅದನ್ನು ಫಾರ್ಮ್ಯಾಟ್ ಮಾಡಬೇಕೆ ಎಂದು ತುಂಬಾ ವಿನಯದಿಂದ ಕೇಳುತ್ತದೆ, ಮನೆಯಲ್ಲಿ ಯಾರಾದರೊಬ್ಬರು ಹೌದು ಎಂದು ಒತ್ತುತ್ತಾರೆ, ಅಲ್ಲಿಗೆ ಎಲ್ಲವೂ ಮುಗಿಯುತ್ತದೆ.

ಈ ಹಂತದಲ್ಲಿಯೇ ಪ್ರತಿ ಫ್ಲಾಪಿಗೊಂದು ಕ್ರಮಸಂಖ್ಯೆ ಕೊಟ್ಟು, ಮೇಲಿನ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿರಿ. ಚೀಟಿಯ ಮೇಲೆ ‘ಲೆಕ್ಕ 97-98, ಭಾಗ 2’ ಎಂದಿದ್ದರೆ ಒಂದನೆಯ ಭಾಗ ಎಲ್ಲಿದೆ ಎಂದು ಹುಡುಕುವ ಕೆಲಸ ಈಗಲೇ ಆಗಬೇಕು. ಆ ಕಾಲದಲ್ಲಿ ದೊಡ್ಡ ಕಡತಗಳನ್ನು ಎಆರ್‌ಜೆ, ಪಿಕೆಜಿಪ್ ಎಂಬ ತಂತ್ರಾಂಶಗಳಿಂದ ಅಥವಾ ವಿಂಡೋಸಿಗಿಂತ ಹಿಂದಿನ ಡಾಸ್ ವ್ಯವಸ್ಥೆಯ ಬ್ಯಾಕಪ್ ಆಜ್ಞೆಯಿಂದ ಹಲವು ಫ್ಲಾಪಿಗಳಿಗೆ ಹಂಚುತ್ತಿದ್ದರು, ಅವುಗಳಲ್ಲಿ ಒಂದು ತಪ್ಪಿದರೂ ಉಳಿದವನ್ನು ಜೋಡಿಸುವುದು ಕಷ್ಟ.

ಬೂಷ್ಟು ಮತ್ತು ತುಕ್ಕು

ಉತ್ತರ ಕನ್ನಡದವರಿಗೆ ಈ ಭಾಗ ಬೇರೆ ಜಿಲ್ಲೆಯವರಿಗಿಂತ ಹೆಚ್ಚು ಬೇಕು. ಘಟ್ಟದ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಫ್ಲಾಪಿಯ ತಟ್ಟೆಯ ಮೇಲಿನ ಲೇಪನದಲ್ಲಿರುವ ಅಂಟು ಪದಾರ್ಥವೂ ಅದಕ್ಕೆ ಒಳ್ಳೆಯ ಆಹಾರವೇ. ಕರಾವಳಿಯಲ್ಲಿ ಬೂಷ್ಟಿನ ಜೊತೆಗೆ ಉಪ್ಪುಗಾಳಿಯೂ ಸೇರಿ ಲೋಹದ ಬಾಗಿಲು, ಅದರ ಸ್ಪ್ರಿಂಗ್ ಮತ್ತು ನಡುವಿನ ಲೋಹದ ಬಿಲ್ಲೆ ತುಕ್ಕು ಹಿಡಿಯುತ್ತವೆ. ತುಕ್ಕು ಹಿಡಿದ ಬಾಗಿಲು ಡ್ರೈವಿನೊಳಗೆ ಸಿಕ್ಕಿಕೊಂಡರೆ ಫ್ಲಾಪಿಯನ್ನು ಹೊರಗೆಳೆಯುವಾಗ ತಟ್ಟೆಯನ್ನು ಓದುವ ಭಾಗವಾದ ಹೆಡ್ಡನ್ನೇ ಕಿತ್ತುಕೊಂಡು ಬರುವ ಅಪಾಯವಿದೆ. ಮೂರನೆಯ ಬಗೆಯ ಕೊಳೆ ನಮ್ಮ ಹಳೆಯ ಮನೆಗಳದ್ದೇ ವಿಶೇಷ: ಒಲೆಯ ಮೇಲಿನ ಅಟ್ಟದಲ್ಲಿಟ್ಟ ಫ್ಲಾಪಿಗೆ ಬೂಷ್ಟು ಕಡಿಮೆ, ಆದರೆ ಹೊಗೆಯ ಜಿಡ್ಡು ತೆಳ್ಳಗೆ ಕೂತಿರುತ್ತದೆ.

ಪರೀಕ್ಷಿಸುವ ಕ್ರಮ ಹೀಗಿದೆ. ಫ್ಲಾಪಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಲೋಹದ ಬಾಗಿಲನ್ನು ಹೆಬ್ಬೆರಳಿನಿಂದ ಸರಿಸಿ, ಹಿಂಬದಿಯ ಬಿಲ್ಲೆಯನ್ನು ಇನ್ನೊಂದು ಕೈಯಿಂದ ಮೆಲ್ಲಗೆ ಪೂರ್ತಿ ಒಂದು ಸುತ್ತು ತಿರುಗಿಸಿರಿ. ತಟ್ಟೆಯ ಎರಡೂ ಬದಿ ಕನ್ನಡಿಯಂತೆ ಒಂದೇ ಸಮನೆ ಕಪ್ಪುಕಂದಾಗಿ ಹೊಳೆಯಬೇಕು. ಬಿಳಿಯ ಚುಕ್ಕೆ, ಜೇಡರಬಲೆಯಂಥ ಗೆರೆ, ಮಂಜು ಕವಿದಂಥ ಕಲೆ ಕಂಡರೆ ಅದು ಬೂಷ್ಟು. ವೃತ್ತಾಕಾರದ ಪಾರದರ್ಶಕ ಗೆರೆ ಕಂಡರೆ ಲೇಪನವೇ ಕೆರೆದು ಹೋಗಿದೆ ಎಂದರ್ಥ. ಅಲ್ಲಿದ್ದ ಮಾಹಿತಿ ಯಾವ ಉಪಾಯಕ್ಕೂ ಮರಳುವುದಿಲ್ಲ.

ಬೂಷ್ಟು ಹಿಡಿದ ಫ್ಲಾಪಿಯನ್ನು ‘ಒಂದು ಸಲ ಹಾಕಿ ನೋಡೋಣ’ ಎಂದು ಡ್ರೈವಿಗೆ ಹಾಕಬಾರದು. ನಾನು ಹಾಕಿದ್ದೆ. ಆ ಫ್ಲಾಪಿ ಓದಲಿಲ್ಲ, ಅದು ಹೋಗಲಿ. ಹೆಡ್ಡಿಗೆ ಮೆತ್ತಿಕೊಂಡ ಕೊಳೆ ಅದರ ನಂತರ ಹಾಕಿದ, ಚೆನ್ನಾಗಿಯೇ ಇದ್ದ ಇನ್ನೆರಡು ಫ್ಲಾಪಿಗಳ ಹೊರ ಅಂಚನ್ನು ಗೀರಿ ಹಾಕಿತು. 1.44ರ ಫ್ಲಾಪಿಯಲ್ಲಿ ಆ ಹೊರ ಅಂಚಿಗಿಂತ ಮುಖ್ಯವಾದ ಜಾಗ ಬೇರೊಂದಿಲ್ಲ. ತಟ್ಟೆಯ ಮೇಲೆ ಮಾಹಿತಿ ಕೂರುವ ಒಂದೊಂದು ವೃತ್ತವೂ ಒಂದು ಟ್ರ್ಯಾಕ್, ಅದರ ಒಂದೊಂದು ತುಂಡೂ ಒಂದು ಸೆಕ್ಟರ್. ಬೂಟ್ ಸೆಕ್ಟರ್ ಒಂದು, ಕಡತಗಳ ಹಂಚಿಕೆ ಪಟ್ಟಿಯ ಎರಡು ಪ್ರತಿಗಳಿಗೆ 18, ಕಡತಗಳ ಹೆಸರಿನ ಪಟ್ಟಿಗೆ 14, ಒಟ್ಟು 33 ಸೆಕ್ಟರ್‌ಗಳು ಅತ್ಯಂತ ಹೊರಗಿನ ಟ್ರ್ಯಾಕಿನ ಎರಡು ಬದಿಗಳಲ್ಲಿಯೇ ಇರುತ್ತವೆ. ಅಲ್ಲಿ ಗೀರು ಬಿದ್ದರೆ ಒಳಗಿನ ಮಾಹಿತಿ ಸುರಕ್ಷಿತವಾಗಿದ್ದರೂ ಅದು ಎಲ್ಲಿದೆ ಎಂದು ಹೇಳುವವರಿರುವುದಿಲ್ಲ.

ತೊಳೆಯಲು ಬೇಕಾದದ್ದು ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೋಹಾಲ್, ನಾರು ಬಿಡದ ಮೆತ್ತನೆಯ ಬಟ್ಟೆ ಅಥವಾ ಸ್ಪಂಜಿನ ತುದಿಯ ಕಡ್ಡಿ, ಮತ್ತು ಡಿಸ್ಟಿಲ್ಡ್ ವಾಟರ್. ಸ್ಯಾನಿಟೈಸರ್, ಸ್ಪಿರಿಟ್, ಉಗುರುಬಣ್ಣ ತೆಗೆಯುವ ದ್ರವ ಇವು ಯಾವುವೂ ಆಗುವುದಿಲ್ಲ. ಆಲ್ಕೋಹಾಲ್ ಬೇಗ ಹೊತ್ತಿಕೊಳ್ಳುವುದರಿಂದ ಬಚ್ಚಲ ಒಲೆಯ ಹತ್ತಿರ ಈ ಕೆಲಸ ಮಾಡಬೇಡಿರಿ. ಕೆಲವು ಲೇಪನಗಳು ಆಲ್ಕೋಹಾಲಿಗೆ ಬಿಟ್ಟುಕೊಳ್ಳಬಹುದಾದ್ದರಿಂದ, ಬಿಲ್ಲೆಗೆ ಹತ್ತಿರದ, ಮಾಹಿತಿ ಇಲ್ಲದ ಒಳ ಅಂಚಿನಲ್ಲಿ ಮೊದಲು ಒಂದು ಹನಿ ಹಚ್ಚಿ ನೋಡಬೇಕು. ಕಡ್ಡಿಯ ತುದಿಗೆ ಕಂದು ಬಣ್ಣ ಬಂದರೆ ಆಲ್ಕೋಹಾಲನ್ನು ಬಿಟ್ಟು ಡಿಸ್ಟಿಲ್ಡ್ ವಾಟರ್‌ನಿಂದಲೇ ಒರೆಸಿರಿ. ಒತ್ತಡ ಹಾಕದೆ, ಕಡ್ಡಿಯನ್ನು ಆಗಾಗ ಬದಲಾಯಿಸುತ್ತ, ಎರಡೂ ಬದಿಯನ್ನು ಒರೆಸಬೇಕು.

ಬೂಷ್ಟು ಬಹಳವಾಗಿದ್ದರೆ ಕವಚವನ್ನು ಬಿಡಿಸಬೇಕಾಗುತ್ತದೆ. ಲೋಹದ ಬಾಗಿಲನ್ನು ತೆಗೆದು, ತೆಳುವಾದ ಚಾಕುವಿನಿಂದ ಪ್ಲಾಸ್ಟಿಕ್ಕಿನ ಅಂಚುಗಳನ್ನು ಒಂದೊಂದೇ ಮೂಲೆಯಿಂದ ಸಡಿಲಿಸಿದರೆ ತಟ್ಟೆ ಹೊರಬರುತ್ತದೆ. ಒಳಗಿನ ಬಟ್ಟೆಯ ಪದರಕ್ಕೂ ಬೂಷ್ಟು ಹಿಡಿದಿರುವುದರಿಂದ ಹಳೆಯ ಕವಚವನ್ನು ಮತ್ತೆ ಬಳಸಬಾರದು. ಬೇಡವಾದ, ಶುಚಿಯಾದ ಇನ್ನೊಂದು ಫ್ಲಾಪಿಯ ಕವಚದಲ್ಲಿ ತೊಳೆದ ತಟ್ಟೆಯನ್ನಿಟ್ಟು ಅಂಚನ್ನು ಟೇಪಿನಿಂದ ಹಿಡಿಸಿದರೆ ಒಂದೆರಡು ಸಲ ಓದಲು ಸಾಕಾಗುತ್ತದೆ. ತುಕ್ಕು ಹಿಡಿದ ಬಾಗಿಲನ್ನು ತೆಗೆದೇ ಬಿಡುವುದು ಲೇಸು. ಅದಿಲ್ಲದೆಯೂ ಫ್ಲಾಪಿ ಓದುತ್ತದೆ.

ತೊಳೆದ ತಟ್ಟೆಯನ್ನು ಒಣಗಿಸಲು ನೆರಳಿನ ಗಾಳಿಯೇ ಸಾಕು. ಬಿಸಿಲಿಗೆ, ಹೇರ್ ಡ್ರೈಯರ್‌ಗೆ, ಅಡಿಕೆ ಒಣಗಿಸುವ ಡ್ರೈಯರ್‌ಗೆ ಒಡ್ಡಿದರೆ ತಟ್ಟೆ ಸೊಟ್ಟಗಾಗುತ್ತದೆ. ಮಳೆಗಾಲದಲ್ಲಿ ಗಾಳಿಯೇ ಒದ್ದೆಯಾಗಿರುವುದರಿಂದ, ಅವಸರವಿಲ್ಲದವರು ಈ ಕೆಲಸವನ್ನು ಜನವರಿ ಫೆಬ್ರವರಿಗೆ ಮುಂದೂಡುವುದು ಒಳ್ಳೆಯದು. ಅಲ್ಲಿಯವರೆಗೆ ಫ್ಲಾಪಿಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಇಡಬಹುದು.

ಡ್ರೈವನ್ನು ಹೊಂದಿಸಿಕೊಳ್ಳುವುದು

ಮೂರೂವರೆ ಇಂಚಿನ ಫ್ಲಾಪಿಗೆ ಯುಎಸ್‌ಬಿ ಡ್ರೈವ್‌ಗಳು ಆನ್‌ಲೈನ್ ಅಂಗಡಿಗಳಲ್ಲಿ ಇಂದಿಗೂ ಸಿಗುತ್ತವೆ. ವಿಂಡೋಸ್ 10 ಮತ್ತು 11ರಲ್ಲಿ ಬೇರೆ ತಂತ್ರಾಂಶವಿಲ್ಲದೆ ಅವು ಎ ಎಂಬ ಅಕ್ಷರದಡಿ ಕಾಣಿಸಿಕೊಳ್ಳುತ್ತವೆ. ಅಗ್ಗದ ಡ್ರೈವ್‌ಗಳಲ್ಲಿ ಹೆಡ್ ಸರಿಯಾದ ಗೆರೆಯ ಮೇಲೆ ಕೂರದ ದೋಷ ಆಗಾಗ ಕಾಣುವುದರಿಂದ, ಹಳೆಯ ಲ್ಯಾಪ್‌ಟಾಪ್ ಕಂಪನಿಗಳು ತಮ್ಮ ಯಂತ್ರಗಳಿಗಾಗಿ ಮಾಡಿಸುತ್ತಿದ್ದ ಬಳಸಿದ ಡ್ರೈವ್ ಸಿಕ್ಕರೆ ನನ್ನ ಆಯ್ಕೆ ಅದೇ. ಸಾಧ್ಯವಾದರೆ ಎರಡು ಬೇರೆ ಬೇರೆ ಡ್ರೈವ್‌ಗಳನ್ನು ಹೊಂದಿಸಿಕೊಳ್ಳಿರಿ; ಅದರ ಉಪಯೋಗ ಮುಂದೆ ತಿಳಿಯುತ್ತದೆ. ಡ್ರೈವಿನ ತಂತಿಯನ್ನು ಕಂಪ್ಯೂಟರಿಗೇ ನೇರವಾಗಿ ಚುಚ್ಚಬೇಕು. ಹಲವು ಸಾಧನಗಳು ಹಂಚಿಕೊಳ್ಳುವ ಹಬ್‌ನಲ್ಲಿ ಮೋಟಾರಿಗೆ ಸಾಕಷ್ಟು ವಿದ್ಯುತ್ ಸಿಗದೆ ಓದುವಿಕೆ ನಡುವೆ ನಿಲ್ಲಬಹುದು. ಕರೆಂಟು ಹೋಗುವ ದಿನಗಳಲ್ಲಿ ಡೆಸ್ಕ್‌ಟಾಪಿಗಿಂತ ಬ್ಯಾಟರಿ ತುಂಬಿದ ಲ್ಯಾಪ್‌ಟಾಪ್ ಈ ಕೆಲಸಕ್ಕೆ ವಾಸಿ.

ಬೆಲೆಯಿಲ್ಲದ ಫ್ಲಾಪಿಯೊಂದನ್ನು ಮೊದಲು ಹಾಕಿ ಡ್ರೈವನ್ನು ಪರೀಕ್ಷಿಸಿರಿ. ಕಿವಿಗೊಟ್ಟು ಕೇಳಿದರೆ ಮೋಟಾರಿನ ಸಣ್ಣ ಗುಂಯ್ ಸದ್ದಿನ ನಡುವೆ ಹೆಡ್ ಒಂದೊಂದೇ ಟ್ರ್ಯಾಕ್ ದಾಟುವ ಟಿಕ್ ಟಿಕ್ ಸದ್ದು ಕೇಳುತ್ತದೆ. ಸೌಟಿನಿಂದ ಬಾಣಲೆ ಕೆರೆದಂಥ ಎಡೆಬಿಡದ ಸದ್ದು ಬಂದರೆ ಆ ಕ್ಷಣವೇ ಹೊರತೆಗೆಯಬೇಕು. ಅನುಮಾನ ಬಂದ ಪ್ರತಿಸಲವೂ, ಇಲ್ಲವಾದರೆ ಹತ್ತು ಫ್ಲಾಪಿಗೊಮ್ಮೆಯಾದರೂ, ಹೆಡ್ಡನ್ನು ಆಲ್ಕೋಹಾಲಿನಲ್ಲಿ ಅದ್ದಿದ ಕಡ್ಡಿಯಿಂದ ಇಲ್ಲವೆ ಕ್ಲೀನಿಂಗ್ ಡಿಸ್ಕಿನಿಂದ ಒರೆಸಿರಿ. ಮೇಲಿನ ಹೆಡ್ಡಿನ ತೋಳನ್ನು ಒರೆಸುವ ಭರದಲ್ಲಿ ಎತ್ತಿ ಬಗ್ಗಿಸಿದರೆ ಡ್ರೈವೇ ಹಾಳಾಗುತ್ತದೆ.

ಇಮೇಜ್ ತೆಗೆಯುವುದು

ಫ್ಲಾಪಿಯನ್ನು ಹಾಕಿ, ಎ ಡ್ರೈವ್ ತೆರೆದು, ಕಾಣುವ ಕಡತಗಳನ್ನು ಎಳೆದು ಡೆಸ್ಕ್‌ಟಾಪಿಗೆ ಹಾಕಿಕೊಳ್ಳುವುದು ಎಲ್ಲರಿಗೂ ಮೊದಲು ತೋಚುವ ದಾರಿ, ಮತ್ತು ತಪ್ಪು ದಾರಿ. ಹಾಗೆ ಮಾಡುವಾಗ ಹೆಡ್ ಹೆಸರಿನ ಪಟ್ಟಿಗೂ ಕಡತಗಳಿಗೂ ನಡುವೆ ಹತ್ತಾರು ಸಲ ಓಡಾಡುತ್ತದೆ, ಒಂದು ಕೆಟ್ಟ ಸೆಕ್ಟರ್ ಸಿಕ್ಕೊಡನೆ ಇಡೀ ಕಡತದ ನಕಲು ನಿಲ್ಲುತ್ತದೆ, ಮತ್ತು ಅಳಿಸಿದ ಆದರೆ ಇನ್ನೂ ತಟ್ಟೆಯ ಮೇಲಿರುವ ಕಡತಗಳು ಕಾಣುವುದೇ ಇಲ್ಲ. ಇಮೇಜ್ ತೆಗೆಯುವ ತಂತ್ರಾಂಶವು ಇದಕ್ಕೆ ಬದಲಾಗಿ ಮೊದಲ ಸೆಕ್ಟರಿನಿಂದ ಕೊನೆಯದರವರೆಗೆ ಒಂದೇ ಓಟದಲ್ಲಿ ಓದಿ, ಇದ್ದದ್ದನ್ನು ಇದ್ದಂತೆ ಒಂದು ಕಡತದಲ್ಲಿ ಇಡುತ್ತದೆ. ಒಳ್ಳೆಯ ಫ್ಲಾಪಿಗೆ ಒಂದೆರಡು ನಿಮಿಷ ಸಾಕು.

ವಿಂಡೋಸಿನಲ್ಲಿಯೇ ಕೆಲಸ ಮುಗಿಸಬೇಕೆನ್ನುವವರಿಗೆ ವಿನ್‌ಇಮೇಜ್ ಇದೆ. ದೋಷವಿಲ್ಲದ ಫ್ಲಾಪಿಗೆ ಅದು ಧಾರಾಳವಾಗಿ ಸಾಕು. ದೋಷವಿರುವ ಫ್ಲಾಪಿಗೆ ಮಾತ್ರ ನಾನು ಲಿನಕ್ಸ್‌ನ ಜಿಎನ್‌ಯು ಡಿಡಿರೆಸ್ಕ್ಯೂ ಬಿಟ್ಟು ಬೇರೆಯದನ್ನು ಸೂಚಿಸಲಾರೆ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಕಂಪ್ಯೂಟರನ್ನು ಚಾಲೂ ಮಾಡಿದರೆ ಈಗಿರುವ ವಿಂಡೋಸನ್ನು ಮುಟ್ಟಬೇಕಾಗಿಲ್ಲ. ಉಬುಂಟುವಿನ ಭಂಡಾರದಲ್ಲಿ ಈ ತಂತ್ರಾಂಶದ ಹೆಸರಿಗೆ ಮುಂದೆ ಒಂದು ‘ಜಿ’ ಸೇರಿ ಜಿಡಿಡಿರೆಸ್ಕ್ಯೂ ಎಂದಾಗಿರುತ್ತದೆ, ಆಜ್ಞೆ ಕೊಡುವಾಗ ಆ ಜಿ ಇರುವುದಿಲ್ಲ. ಹೊಸಬರು ಇಲ್ಲಿ ತಡವರಿಸುವುದನ್ನು ಕಂಡಿದ್ದೇನೆ.

ಮೊದಲು ‘ಎಲ್‌ಎಸ್‌ಬಿಎಲ್‌ಕೆ’ ಎಂಬ ಆಜ್ಞೆ ಕೊಟ್ಟು ಸಾಧನಗಳ ಪಟ್ಟಿಯನ್ನು ನೋಡಿರಿ. ಅದರಲ್ಲಿ 1.4 ಮೆಗಾಬೈಟ್ ಎಂದಿರುವುದು ಫ್ಲಾಪಿ. ಅದರ ಹೆಸರು ‘ಎಸ್‌ಡಿಬಿ’ ಅಥವಾ ‘ಎಸ್‌ಡಿಸಿ’ ಎಂದಿರಬಹುದು. ಗಾತ್ರವನ್ನು ನೋಡದೆ ಹೆಸರನ್ನು ಊಹಿಸಬೇಡಿರಿ. ಫ್ಲಾಪಿಯ ಕಿಟಕಿ ತಾನಾಗಿ ತೆರೆದುಕೊಂಡಿದ್ದರೆ ಅದನ್ನು ಅನ್‌ಮೌಂಟ್ ಮಾಡಿ, ಅಂದರೆ ವ್ಯವಸ್ಥೆಯ ಹಿಡಿತದಿಂದ ಬಿಡಿಸಿ, ಮುಂದುವರಿಯಬೇಕು. ಡಿಡಿರೆಸ್ಕ್ಯೂ ಆಜ್ಞೆಯಲ್ಲಿ ಮೂರು ಹೆಸರುಗಳು ಇದೇ ಅನುಕ್ರಮದಲ್ಲಿ ಬರಬೇಕು: ಓದಬೇಕಾದ ಸಾಧನ, ಬರೆಯಬೇಕಾದ ಇಮೇಜ್ ಕಡತ, ಮತ್ತು ಯಾವ ಸೆಕ್ಟರ್ ಓದಾಯಿತು, ಯಾವುದು ಬಾಕಿ ಎಂದು ಗುರುತು ಹಾಕಿಕೊಳ್ಳುವ ಮ್ಯಾಪ್ ಕಡತ. ಮೊದಲ ಓಟದಲ್ಲಿ ‘ಎನ್’ ಆಯ್ಕೆಯನ್ನು ಸೇರಿಸಿದರೆ ಅದು ಕೆಟ್ಟ ಜಾಗಗಳನ್ನು ಕೆದಕುತ್ತ ಕೂರದೆ ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಎರಡನೆಯ ಓಟದಲ್ಲಿ ‘ಡಿ’ ಆಯ್ಕೆಯನ್ನೂ ‘ಆರ್’ ಜೊತೆಗೆ 3 ಎಂಬ ಅಂಕಿಯನ್ನೂ ಕೊಟ್ಟರೆ, ಬಾಕಿ ಉಳಿದ ಸೆಕ್ಟರ್‌ಗಳನ್ನು ಮಾತ್ರ ಇನ್ನು ಮೂರು ಸಲ ಪ್ರಯತ್ನಿಸುತ್ತದೆ.

ಎರಡನೆಯ ಡ್ರೈವ್ ಬೇಕೆಂದು ಹೇಳಿದ್ದು ಈ ಹಂತಕ್ಕಾಗಿ. ಫ್ಲಾಪಿಯನ್ನು ಬರೆದ ಕಾಲದ ಡ್ರೈವಿನ ಹೆಡ್ ಕೂದಲೆಳೆಯಷ್ಟು ಆಚೀಚೆ ಇದ್ದಿದ್ದರೆ, ಅದೇ ಕಡೆಗೆ ವಾಲಿರುವ ಇನ್ನೊಂದು ಡ್ರೈವ್ ಮಾತ್ರ ಅದನ್ನು ಸಲೀಸಾಗಿ ಓದುತ್ತದೆ. ಮೊದಲ ಡ್ರೈವಿನಲ್ಲಿ ಉಳಿದುಹೋದ ಸೆಕ್ಟರ್‌ಗಳಿಗೆ ಎರಡನೆಯ ಡ್ರೈವಿನಲ್ಲಿ ಅದೇ ಇಮೇಜ್ ಮತ್ತು ಅದೇ ಮ್ಯಾಪ್ ಕಡತದ ಹೆಸರನ್ನು ಕೊಟ್ಟು ಆಜ್ಞೆಯನ್ನು ಮತ್ತೆ ಓಡಿಸಿದರೆ, ತೂತುಗಳು ಒಂದೊಂದಾಗಿ ತುಂಬುತ್ತವೆ. ಒಂದು ಡ್ರೈವಿನಲ್ಲಿ ನಲವತ್ತು ಸೆಕ್ಟರ್ ಕಳೆದುಕೊಂಡ ಫ್ಲಾಪಿ ಇನ್ನೊಂದರಲ್ಲಿ ಪೂರ್ತಿ ಓದಿಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಎರಡೂ ಡ್ರೈವ್ ಸೋತರೆ ರಾತ್ರಿಯಿಡೀ ಓಡಿಸಿ ಬಿಡಬೇಡಿರಿ. ಒಂದೇ ಜಾಗದಲ್ಲಿ ಹೆಡ್ ಗಂಟೆಗಟ್ಟಲೆ ಉಜ್ಜಿದರೆ ಉಳಿದಿರುವ ಲೇಪನವೂ ಹೋಗುತ್ತದೆ. ನಿಲ್ಲಿಸಿ, ತಟ್ಟೆಯನ್ನು ಮತ್ತೊಮ್ಮೆ ಪರೀಕ್ಷಿಸಿ, ಒರೆಸಿ, ಮರುದಿನ ನೋಡಬಹುದು.

ಇಮೇಜ್ ಸರಿಯಾಗಿದೆಯೇ ಎಂದು ತಿಳಿಯಲು ಮೊದಲು ಅದರ ಗಾತ್ರವನ್ನು ನೋಡಬೇಕು. 1.44ರ ಫ್ಲಾಪಿಯಲ್ಲಿ ಪ್ರತಿ ಬದಿಗೆ 80 ಟ್ರ್ಯಾಕ್, ಪ್ರತಿ ಟ್ರ್ಯಾಕಿಗೆ 18 ಸೆಕ್ಟರ್, ಪ್ರತಿ ಸೆಕ್ಟರಿಗೆ 512 ಬೈಟ್ ಇರುವುದರಿಂದ ಇಮೇಜ್ ಸರಿಯಾಗಿ 14,74,560 ಬೈಟ್ ಇರಬೇಕು. 720ರದು 7,37,280 ಬೈಟ್. ಕಡತಕ್ಕೆ ಫ್ಲಾಪಿಯ ಕ್ರಮಸಂಖ್ಯೆಯನ್ನೇ ಹೆಸರಾಗಿಟ್ಟು, ಅದನ್ನು ‘ಓದಲು ಮಾತ್ರ’ ಎಂದು ಗುರುತಿಸಿ, ಬೇರೆ ಎರಡು ಕಡೆ ನಕಲಿಟ್ಟ ಮೇಲೆ ಫ್ಲಾಪಿಯ ಕೆಲಸ ಮುಗಿಯಿತು.

ಯುಎಸ್‌ಬಿ ಡ್ರೈವಿಗೆ ಬಗ್ಗದವು

ಯುಎಸ್‌ಬಿ ಡ್ರೈವ್‌ಗಳು ಪಿಸಿಯಲ್ಲಿ ಬರೆದ 720 ಮತ್ತು 1.44ರ ಫ್ಲಾಪಿಗಳನ್ನು ಮಾತ್ರ ಬಲ್ಲವು. ಹಳೆಯ ಮ್ಯಾಕಿಂತೋಷ್‌ನ 800 ಕಿಲೋಬೈಟ್ ಫ್ಲಾಪಿ, ಅಮಿಗಾ ಕಂಪ್ಯೂಟರಿನ ಫ್ಲಾಪಿ, ಮೈಕ್ರೋಸಾಫ್ಟ್ ತನ್ನ ತಂತ್ರಾಂಶಗಳನ್ನು ಹಂಚಲು ಬಳಸಿದ 1.68 ಮೆಗಾಬೈಟಿನ ವಿಶೇಷ ವಿನ್ಯಾಸ, ಮತ್ತು ಎಲ್ಲ ಐದೂಕಾಲು ಇಂಚಿನವು ಅವುಗಳ ಅಳವಿಗೆ ಮೀರಿದವು. ಇಂಥವಕ್ಕೆ ಹಳೆಯ ಪಿಸಿಯಿಂದ ಬಿಚ್ಚಿದ 34 ಪಿನ್‌ಗಳ ಡ್ರೈವ್ ಬೇಕು, ಆದರೆ ಇಂದಿನ ಮದರ್‌ಬೋರ್ಡ್‌ಗಳಲ್ಲಿ ಅದನ್ನು ಚುಚ್ಚುವ ಜಾಗವೇ ಇಲ್ಲ. ಗ್ರೀಸ್‌ವೀಝಲ್ ಎಂಬ ಅಂಗೈಗಿಂತ ಸಣ್ಣ ಫಲಕ ಈ ಕೊರತೆಯನ್ನು ತುಂಬುತ್ತದೆ. ಅದು ಒಂದು ಕಡೆ ಡ್ರೈವಿಗೆ, ಇನ್ನೊಂದು ಕಡೆ ಯುಎಸ್‌ಬಿಗೆ ಜೋಡಿಸಿಕೊಂಡು, ಸೆಕ್ಟರ್‌ಗಳ ಗೊಡವೆಗೆ ಹೋಗದೆ ತಟ್ಟೆಯ ಮೇಲಿನ ಕಾಂತೀಯ ಏರಿಳಿತಗಳನ್ನೇ ನೇರವಾಗಿ ದಾಖಲಿಸುತ್ತದೆ. ಅರ್ಥ ಮಾಡುವ ಕೆಲಸ ಆಮೇಲೆ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಸಾಮಾನ್ಯ ಡ್ರೈವ್ ಕೈಚೆಲ್ಲಿದ 1.44ರ ಫ್ಲಾಪಿಯಿಂದಲೂ ಈ ದಾರಿಯಲ್ಲಿ ಕೆಲವೊಮ್ಮೆ ಏನಾದರೂ ಸಿಗುತ್ತದೆ.

ಜೋಡಿಸುವಾಗ ಪಟ್ಟಿ ತಂತಿಯ ಬಣ್ಣದ ಅಂಚು ಒಂದನೆಯ ಪಿನ್ನಿನ ಕಡೆ ಇರಬೇಕು. ಡ್ರೈವಿನ ದೀಪ ಹತ್ತಿದ್ದು ಆರದೇ ಉಳಿದರೆ ತಂತಿ ತಿರುಗುಮುರುಗಾಗಿದೆ ಎಂದು ತಿಳಿಯಿರಿ. ಮೂರೂವರೆ ಇಂಚಿನ ಡ್ರೈವ್‌ಗಳಿಗೆ ಸಾಮಾನ್ಯವಾಗಿ 5 ವೋಲ್ಟ್ ಸಾಕು, ಐದೂಕಾಲು ಇಂಚಿನವಕ್ಕೆ 12 ವೋಲ್ಟ್ ಕೂಡ ಬೇಕಾದ್ದರಿಂದ ಹಳೆಯ ಪಿಸಿಯ ಪವರ್ ಸಪ್ಲೈ ಹೊಂದಿಸಿಕೊಳ್ಳಬೇಕು. 360ರ ಫ್ಲಾಪಿಯನ್ನು 1.2ರ ಡ್ರೈವಿನಲ್ಲಿ ಓದಬಹುದು, ಆದರೆ ಆ ಡ್ರೈವಿಗೆ 80 ಟ್ರ್ಯಾಕ್, ಫ್ಲಾಪಿಗೆ 40 ಮಾತ್ರ ಇರುವುದರಿಂದ ಹೆಡ್ ಎರಡೆರಡು ಹೆಜ್ಜೆ ಹಾಕುವಂತೆ ತಂತ್ರಾಂಶದಲ್ಲಿ ಸೂಚಿಸಬೇಕು.

ಇಮೇಜಿನಿಂದ ಕಡತಗಳಿಗೆ

ವಿಂಡೋಸಿನಲ್ಲಿ ಸೆವೆನ್‌ಜಿಪ್ ತಂತ್ರಾಂಶವು ಇಮೇಜನ್ನು ಜಿಪ್ ಕಡತದಂತೆಯೇ ತೆರೆದು ತೋರಿಸುತ್ತದೆ. ಹೆಸರಿನ ಪಟ್ಟಿಯೇ ಹಾಳಾಗಿ ಏನೂ ಕಾಣದಿದ್ದರೆ, ಫೋಟೋರೆಕ್ ತಂತ್ರಾಂಶವು ಇಮೇಜಿನ ಒಳಗೆ ವರ್ಡ್ ಕಡತ, ಚಿತ್ರ ಮುಂತಾದವುಗಳ ತಲೆಗುರುತನ್ನು ಹುಡುಕಿ ಹೊರತೆಗೆಯುತ್ತದೆ. ಹೆಸರು ಸಿಗುವುದಿಲ್ಲ, ಒಳಗಿನದು ಸಿಗುತ್ತದೆ. ಆ ಕಾಲದ ಫ್ಲಾಪಿಗಳಲ್ಲಿ ವೈರಸ್ ಇರುವುದು ಅಪರೂಪವಾಗಿರಲಿಲ್ಲ. ಬೂಟ್ ಸೆಕ್ಟರಿನಲ್ಲಿ ಕೂರುವ ಮೈಕೆಲ್ಯಾಂಜೆಲೊದಂಥವು ಫ್ಲಾಪಿಯಿಂದ ಕಂಪ್ಯೂಟರನ್ನು ಚಾಲೂ ಮಾಡದ ಹೊರತು ಏನೂ ಮಾಡಲಾರವು. 1995ರಿಂದೀಚೆಗಿನ ವರ್ಡ್ ಕಡತಗಳಲ್ಲಿ ಮ್ಯಾಕ್ರೋ ವೈರಸ್, ಅಂದರೆ ಕಡತದೊಳಗೇ ಅಡಗಿರುವ ಆಜ್ಞೆಗಳ ರೂಪದ ವೈರಸ್, ಇರಬಹುದು, ಆದ್ದರಿಂದ ತೆರೆಯುವಾಗ ಮ್ಯಾಕ್ರೋಗಳಿಗೆ ಅನುಮತಿ ಕೊಡಬಾರದು. ಆಂಟಿವೈರಸ್ ತಂತ್ರಾಂಶವು ಉತ್ಸಾಹದಿಂದ ಇಮೇಜನ್ನೇ ಅಳಿಸಿಬಿಡುವುದುಂಟು. ಬೇರೆ ಕಡೆ ನಕಲಿರಬೇಕೆಂದು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಹಳೆಯ ಕಡತಗಳನ್ನು ತೆರೆಯಲು ಇಂದಿನ ಮೈಕ್ರೋಸಾಫ್ಟ್ ವರ್ಡ್‌ಗಿಂತ ಲಿಬ್ರೆಆಫೀಸ್ ಹೆಚ್ಚು ಉಪಕಾರಿ. ವರ್ಡ್‌ನ ಹಳೆಯ ಆವೃತ್ತಿಗಳ ಕಡತ, ಲೋಟಸ್ 1-2-3ರ ಲೆಕ್ಕದ ಹಾಳೆ, ಡಿಬೇಸ್ ಮತ್ತು ಫಾಕ್ಸ್‌ಪ್ರೊ ಬಳಸಿದ ಡಿಬಿಎಫ್ ಕೋಷ್ಟಕ ಇವನ್ನು ಅದು ತೆರೆಯುತ್ತದೆ. ಡಿಟಿಪಿ ಅಂಗಡಿಯ ಫ್ಲಾಪಿಯಾದರೆ ಒಳಗೆ ಪೇಜ್‌ಮೇಕರ್ ಮತ್ತು ಕೋರಲ್‌ಡ್ರಾ ಕಡತಗಳಿರುವುದು ಹೆಚ್ಚು. ಅವುಗಳಲ್ಲಿ ಹಲವು ಆವೃತ್ತಿಗಳನ್ನು ಲಿಬ್ರೆಆಫೀಸ್ ಡ್ರಾ ಓದುತ್ತದೆ. ಡಾಸ್ ಕಾಲದ ತಂತ್ರಾಂಶವೇ ಬೇಕೆಂದರೆ ಡಾಸ್‌ಬಾಕ್ಸ್‌ನಲ್ಲಿ ಅದನ್ನು ಓಡಿಸಬಹುದು.

ಕನ್ನಡ ಕನ್ನಡವಾಗಿ ಕಾಣಲು

ಇಷ್ಟೆಲ್ಲ ಮುಗಿದು ಕಡತ ತೆರೆದಾಗ, ಪರದೆಯ ತುಂಬ ತಲೆಬುಡವಿಲ್ಲದ ಫ್ರೆಂಚ್ ಜರ್ಮನ್ ಅಕ್ಷರಗಳು ಕಂಡು ಎಷ್ಟೋ ಜನ ಫ್ಲಾಪಿ ಕೆಟ್ಟಿದೆ ಎಂದೇ ತೀರ್ಮಾನಿಸುತ್ತಾರೆ. ಫ್ಲಾಪಿ ಕೆಟ್ಟಿಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಯುನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ್ದವು. ಆಯಾ ಫಾಂಟ್ ಇದ್ದರೆ ಮಾತ್ರ ಅದು ಕನ್ನಡ, ಇಲ್ಲದಿದ್ದರೆ ಕಲಸುಮೇಲೋಗರ.

ಆದ್ದರಿಂದ ಮೊದಲು ಕಡತದಲ್ಲಿ ಯಾವ ಫಾಂಟಿನ ಹೆಸರಿದೆ ಎಂದು ನೋಡಿ ಬರೆದಿಟ್ಟುಕೊಳ್ಳಬೇಕು. ನುಡಿ ಫಾಂಟಿನ ಹೆಸರಿದ್ದರೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವನ್ನು, ಬಿಆರ್‌ಎಚ್ ಎಂದು ಆರಂಭವಾಗುವ ಹೆಸರಿದ್ದರೆ 1998ರಲ್ಲಿ ಮೊದಲು ಬಂದ ಬರಹವನ್ನು ಹಾಕಿಕೊಂಡರೆ ಪಠ್ಯ ಕೂಡಲೇ ಕಣ್ಣಿಗೆ ಓದುವಂತಾಗುತ್ತದೆ. ಶ್ರೀಲಿಪಿಯ ಸಂಕೇತಗಳು ಇವೆರಡಕ್ಕಿಂತ ಬೇರೆ, ಅದಕ್ಕೆ ಅದರದೇ ಪರಿವರ್ತಕ ಬೇಕು. ಅದೇ ಡಬ್ಬಿಯ ಇನ್ನೊಂದು ಫ್ಲಾಪಿಯಲ್ಲಿ ಫಾಂಟ್ ಕಡತವೇ ಇರುವ ಸಾಧ್ಯತೆ ಚೆನ್ನಾಗಿದೆ. ಆಗಿನವರು ಪ್ರೆಸ್ಸಿಗೆ ಹೋಗುವಾಗ ಅದನ್ನೂ ಒಯ್ಯುತ್ತಿದ್ದರು.

ಓದಲು ಬಂದ ಮೇಲೆ ಯುನಿಕೋಡಿಗೆ ಪರಿವರ್ತಿಸುವಾಗ ಒಂದು ಎಚ್ಚರ ಅಗತ್ಯ. ಪಠ್ಯವನ್ನು ನೋಟ್‌ಪ್ಯಾಡಿಗೆ ಅಂಟಿಸಿದೊಡನೆ ಯಾವ ಮಾತು ಯಾವ ಫಾಂಟಿನಲ್ಲಿತ್ತು ಎಂಬ ಸುಳಿವು ಅಳಿದುಹೋಗುತ್ತದೆ. ಆಗ ನಡುವೆ ಇದ್ದ ಇಂಗ್ಲಿಷ್ ವಿಳಾಸ, ಅಳತೆ, ಹೆಸರುಗಳನ್ನೂ ಪರಿವರ್ತಕವು ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಒತ್ತಕ್ಷರಗಳನ್ನಾಗಿ ಮಾಡುತ್ತದೆ. ಆದ್ದರಿಂದ ಮೂಲ ವರ್ಡ್ ಅಥವಾ ಆರ್‌ಟಿಎಫ್ ಕಡತವನ್ನೇ ಪರಿವರ್ತಕಕ್ಕೆ ಕೊಡಿರಿ, ಅದಾಗದಿದ್ದರೆ ಇಂಗ್ಲಿಷ್ ಭಾಗಗಳನ್ನು ಮೊದಲೇ ಬೇರೆ ತೆಗೆದಿಡಿರಿ.

ಡಾಸ್ ಕಾಲದ ಕಡತದಲ್ಲಿ, ಭಾರತೀಯ ಭಾಷೆಗಳಿಗಾಗಿ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್ ರೂಪಿಸಿದ ಜಿಸ್ಟ್ ಕಾರ್ಡ್ ಇದ್ದ ಕಂಪ್ಯೂಟರಿನಲ್ಲಿ ಬರೆದದ್ದಾದರೆ, ಇರುವುದು ಫಾಂಟ್ ತುಂಡುಗಳಲ್ಲ, ಇಸ್ಕೀ ಸಂಕೇತ. ಅದು 1991ರಲ್ಲಿ ಭಾರತೀಯ ಮಾನಕವಾಯಿತು. ಅದರಲ್ಲಿ ಅಕ್ಷರಗಳು ಉಚ್ಚಾರದ ಕ್ರಮದಲ್ಲಿಯೇ ಇರುವುದರಿಂದ ಪರಿವರ್ತನೆ ಹೆಚ್ಚು ನಂಬಿಕೆಗೆ ಅರ್ಹ. ವಿಂಡೋಸಿನಲ್ಲಿ ಕನ್ನಡ ಇಸ್ಕೀಯ ಕೋಡ್‌ಪೇಜ್ ಸಂಖ್ಯೆ 57008.

ನುಡಿ ಮತ್ತು ಬರಹದ ಕಡತಗಳು ಪರಿವರ್ತನೆಯಾದ ಮೇಲೆ ತಪ್ಪು ಹುಡುಕಬೇಕಾದ ಜಾಗಗಳು ಗೊತ್ತಾದವೇ. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಇಟ್ಟಿರುತ್ತಾರೆ, ಯುನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಹಾಗಾಗಿ ‘ಸೂರ್ಯ’, ‘ಕಾರ್ತಿಕ’, ‘ವರ್ಷ’ದಂಥ ಪದಗಳನ್ನು ಹುಡುಕಿ ನೋಡಿರಿ. ‘ಮ’ ಅಕ್ಷರವನ್ನು ‘ವ’ದ ಆಕಾರಕ್ಕೆ ಕೊಂಬು ಸೇರಿಸಿ ಮೂಡಿಸುತ್ತಿದ್ದುದರಿಂದ ‘ಮ’ ಇದ್ದಲ್ಲಿ ‘ವು’ ಆಗಿ ಬಂದಿರಬಹುದು. ‘ಮೊ’, ‘ಯೊ’, ‘ಯೋ’ ಇರುವ ಪದಗಳಲ್ಲಿಯೂ ಇಂಥ ಎಡವಟ್ಟು ಹೆಚ್ಚು. ಲೆಕ್ಕದ ಕಡತವಾದರೆ ಅಂಕಿಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು. ಪ್ರಸಂಗವೋ ಕಾವ್ಯವೋ ಆಗಿದ್ದರೆ ತಂತ್ರಾಂಶದ ಕಾಗುಣಿತ ಪರೀಕ್ಷೆಯಿಂದ ಉಪಯೋಗವಿಲ್ಲ, ಅದು ಹಳಗನ್ನಡದ ರೂಪಗಳಿಗೆಲ್ಲ ಕೆಂಪು ಗೆರೆ ಎಳೆಯುತ್ತದೆ. ಆ ಪದ್ಯಗಳನ್ನು ಬಲ್ಲ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಬ್ಬರು ಓದಿ ಇನ್ನೊಬ್ಬರು ಕೇಳಿದರೆ, ಮಾತ್ರೆ ತಪ್ಪಿದ ಕಡೆ ಅವರೇ ಕೈಯೆತ್ತಿ ನಿಲ್ಲಿಸುತ್ತಾರೆ.